ಗಾಲ್ಫ್‌ನಲ್ಲಿ ಐರನ್ ಸರಿಯಾಗಿ ಬರುತ್ತೆ, ಡ್ರೈವರ್ ಮಾತ್ರ ಕೈಕೊಡುತ್ತೆ ಎನ್ನುವವರಿಗೆ: ಹಂತ ಹಂತದ ಸಮಗ್ರ ಮಾರ್ಗದರ್ಶಿ

ಮಧ್ಯಮ ದೂರಕ್ಕೆ ಹೊಡೆಯುವ ಕ್ಲಬ್ (ಗಾಲ್ಫ್ ಕೋಲು) ಆದ ಸೆವೆನ್ ಐರನ್ ಹಿಡಿದರೆ ಚೆಂಡು ನೇರ ಹೋಗುತ್ತದೆ. ಅದೇ ಕೈ, ಅದೇ ಸ್ವಿಂಗ್. ಅತಿ ದೂರಕ್ಕೆ ಹೊಡೆಯುವ ಉದ್ದನೆಯ ಕ್ಲಬ್ ಆದ ಡ್ರೈವರ್ ಹಿಡಿದ ಕೂಡಲೇ ಚೆಂಡು ಬಲಕ್ಕೆ ಬಾಗಿ ಮರಗಳ ನಡುವೆ ಮಾಯ. ಇಲ್ಲವಾದರೆ ಕ್ಲಬ್ ಚೆಂಡಿನ ತಲೆ ಸವರಿ, ಅದು ಹತ್ತಿಪ್ಪತ್ತು ಮಾರು ಉರುಳಿ ನಿಲ್ಲುತ್ತದೆ. ಶಿವಮೊಗ್ಗದ ಕಿಮ್ಮನೆಯಲ್ಲಾಗಲಿ, ಚಿಕ್ಕಮಗಳೂರಿನ ಗಾಲ್ಫ್ ಮೈದಾನದಲ್ಲಾಗಲಿ ಹೊಸದಾಗಿ ಆಡುವವರ ದೂರು ಹೆಚ್ಚಾಗಿ ಇದೇ.

ಇದಕ್ಕೆ ಹೊಸ ಸ್ವಿಂಗ್ ಕಲಿಯಬೇಕಾಗಿಲ್ಲ. ಐರನ್‌ಗೆ ರೂಢಿಯಾದ ಸ್ವಿಂಗ್ ಹಾಗೇ ಇರಲಿ. ಬದಲಾಗಬೇಕಾದದ್ದು ಹೊಡೆಯುವ ಮೊದಲು ನಿಲ್ಲುವ ರೀತಿ. ಅದರಲ್ಲೂ ಯಾವುದಾದ ಮೇಲೆ ಯಾವುದು ಎನ್ನುವ ಕ್ರಮ. ಹೆಚ್ಚಿನವರಿಗೆ ಒಂದೊಂದೇ ಸಲಹೆ ಗೊತ್ತಿರುತ್ತದೆ. ಚೆಂಡು ಮುಂದಿಡು, ಟೀ (ಚೆಂಡು ಇಡುವ ಸಣ್ಣ ಗೂಟ) ಎತ್ತರ ಮಾಡು, ಮೇಲ್ಮುಖವಾಗಿ ಹೊಡಿ. ಇವನ್ನೆಲ್ಲ ಹಿಂದೆಮುಂದೆ ಮಾಡಿದಾಗ ಒಂದು ಸರಿಹೋಗಿ ಇನ್ನೊಂದು ಕೆಡುತ್ತದೆ. ಆದ್ದರಿಂದ ಕೆಳಗಿನ ಹಂತಗಳನ್ನು ಬರೆದ ಕ್ರಮದಲ್ಲೇ ಮಾಡಿ. ಎಡ, ಬಲ ಅಂತ ಹೇಳಿರುವುದೆಲ್ಲ ಬಲಗೈ ಆಟಗಾರರಿಗೆ. ಎಡಗೈಯವರು ತಿರುಗಿಸಿ ಓದಿಕೊಳ್ಳಿ.

## ಶುರು ಮಾಡುವ ಮೊದಲು: ಎರಡು ಕ್ಲಬ್‌ಗಳ ವ್ಯತ್ಯಾಸ

ಸ್ವಿಂಗ್ ಅಂದರೆ ಒಂದು ಉಯ್ಯಾಲೆ. ಮೇಲಿಂದ ಇಳಿಯುತ್ತದೆ, ಒಂದು ಕಡೆ ನೆಲಕ್ಕೆ ಅತಿ ಹತ್ತಿರ ಬರುತ್ತದೆ, ಆಮೇಲೆ ಏರುತ್ತದೆ. ಐರನ್‌ನಲ್ಲಿ ಕ್ಲಬ್ ಇನ್ನೂ ಇಳಿಯುತ್ತಿರುವಾಗಲೇ ಚೆಂಡಿಗೆ ತಾಗಬೇಕು. ಮೊದಲು ಚೆಂಡು, ಆಮೇಲೆ ನೆಲ. ಡ್ರೈವರ್‌ನಲ್ಲಿ ಚೆಂಡು ಟೀ ಮೇಲಿದೆ, ನೆಲದ ಗೊಡವೆ ಇಲ್ಲ. ಕ್ಲಬ್ ಅತಿ ಕೆಳಗಿನ ಜಾಗ ದಾಟಿ, ಏರಲು ಶುರುವಾದ ಮೇಲೆ ಚೆಂಡಿಗೆ ತಾಗಿದರೆ ಒಳ್ಳೆಯದು.

ಪುರುಷ ವೃತ್ತಿಪರರು ಸೆವೆನ್ ಐರನ್ನನ್ನು ಸರಾಸರಿ 4 ಡಿಗ್ರಿಯಷ್ಟು ಕೆಳಮುಖವಾಗಿ ಹೊಡೆಯುತ್ತಾರೆ. ಡ್ರೈವರನ್ನು ಅವರಲ್ಲಿ ತುಂಬಾ ಜನ ಸ್ವಲ್ಪ ಕೆಳಮುಖವಾಗಿಯೇ ಹೊಡೆಯುತ್ತಾರೆ, ಏಕೆಂದರೆ ಅವರ ವೇಗಕ್ಕೆ ಅದು ನಡೆಯುತ್ತದೆ. ಮಹಿಳಾ ವೃತ್ತಿಪರರು ಸರಾಸರಿ 3 ಡಿಗ್ರಿಯಷ್ಟು ಮೇಲ್ಮುಖವಾಗಿ ಹೊಡೆಯುತ್ತಾರೆ. ಹವ್ಯಾಸಕ್ಕೆ ಆಡುವ ನಮ್ಮ ವೇಗಕ್ಕೆ ಹೊಂದುವುದು ಇದೇ. ಟಿವಿಯಲ್ಲಿ ಕಾಣುವ ಪುರುಷರ ಸ್ವಿಂಗ್ ನಕಲು ಮಾಡುವುದಕ್ಕಿಂತ ಮಹಿಳೆಯರ ಡ್ರೈವರ್ ಸ್ವಿಂಗ್ ನೋಡಿ ಕಲಿಯುವುದು ಹೆಚ್ಚು ಉಪಯೋಗ.

ಇನ್ನೊಂದು ವ್ಯತ್ಯಾಸ ಉದ್ದ ಮತ್ತು ಲಾಫ್ಟ್‌ನದು. ಲಾಫ್ಟ್ ಅಂದರೆ ಕ್ಲಬ್ ಮುಖ ಹಿಂದಕ್ಕೆ ವಾಲಿರುವ ಕೋನ. ಸೆವೆನ್ ಐರನ್ ಸುಮಾರು 37 ಇಂಚು, ಡ್ರೈವರ್ ಸುಮಾರು 45 ಇಂಚು. ಲಾಫ್ಟ್ ಐರನ್‌ನಲ್ಲಿ 30 ಡಿಗ್ರಿ ಅಥವಾ ಅದಕ್ಕಿಂತ ಸ್ವಲ್ಪ ಜಾಸ್ತಿ, ಡ್ರೈವರ್‌ನಲ್ಲಿ 9ರಿಂದ 12. ಲಾಫ್ಟ್ ಕಡಿಮೆ ಇದ್ದಷ್ಟೂ ಪಕ್ಕಕ್ಕೆ ಬಾಗುವುದು ಎದ್ದು ಕಾಣುತ್ತದೆ. ಐರನ್ ಮುಚ್ಚಿಟ್ಟ ತಪ್ಪನ್ನು ಡ್ರೈವರ್ ಬಯಲು ಮಾಡುತ್ತದೆ, ಅಷ್ಟೇ.

## ಕ್ರಿಕೆಟ್‌ನಿಂದ ಬಂದವರು ಇದನ್ನು ಓದಲೇಬೇಕು

ನಮ್ಮ ಕಡೆ ಗಾಲ್ಫ್ ಹಿಡಿಯುವವರಲ್ಲಿ ಹೆಚ್ಚಿನವರು ಶಾಲೆಯ ಮೈದಾನದಲ್ಲಿ ಬ್ಯಾಟ್ ಹಿಡಿದವರು. ಚೆಂಡು ನೋಡುವ ಕಣ್ಣು, ಹೊಡೆಯುವ ಧೈರ್ಯ ಅವರಿಗಿದೆ. ಆದರೆ ಮೂರು ಅಭ್ಯಾಸಗಳು ಜೊತೆಗೆ ಬರುತ್ತವೆ.

ಮೊದಲನೆಯದು, ಎಡಗಾಲು ಮುಂದೆ ಹಾಕಿ ತಲೆಯನ್ನು ಚೆಂಡಿನ ಮೇಲೆ ತರುವುದು. ಕ್ರಿಕೆಟ್‌ನ ಕವರ್ ಡ್ರೈವ್‌ಗೆ ಅದೇ ಸರಿ. ಗಾಲ್ಫ್ ಡ್ರೈವರ್‌ಗೆ ಅದೇ ದೊಡ್ಡ ಅಡ್ಡಿ, ಇಲ್ಲಿ ತಲೆ ಚೆಂಡಿನ ಹಿಂದೆ ಉಳಿಯಬೇಕು. ಎರಡನೆಯದು ಮಣಿಕಟ್ಟು. ಭದ್ರಾವತಿಯಲ್ಲಿ ಹುಟ್ಟಿದ ಜಿ.ಆರ್. ವಿಶ್ವನಾಥ್ ಅವರ ಮಣಿಕಟ್ಟಿನ ಆಟ ಮೆಚ್ಚಿ ಬೆಳೆದ ಊರು ನಮ್ಮದು. ಕೊನೇ ಕ್ಷಣದಲ್ಲಿ ಮಣಿಕಟ್ಟು ತಿರುಗಿಸಿ ದಿಕ್ಕು ಕೊಡುವುದು ಇಲ್ಲಿನ ಬ್ಯಾಟ್ಸ್‌ಮನ್‌ಗಳಿಗೆ ಸಹಜ. ಡ್ರೈವರ್‌ನ ತಲೆ ಚೆಂಡಿಗೆ ತಾಗಿರುವ ಹೊತ್ತು ಸೆಕೆಂಡಿನ ಎರಡು ಸಾವಿರದಲ್ಲೊಂದು ಭಾಗದಷ್ಟು ಮಾತ್ರ. ಅಷ್ಟರಲ್ಲಿ ಕೈಯಿಂದ ತಿದ್ದಲು ಆಗುವುದಿಲ್ಲ. ಮೂರನೆಯದು, ಹೊಡೆತ ಶುರುವಾಗುವುದೇ ಬಲ ಭುಜದಿಂದ. ಇದರಿಂದ ಕ್ಲಬ್ ಹೊರಗಿಂದ ಒಳಕ್ಕೆ ಅಡ್ಡ ಬೀಸುತ್ತದೆ, ಚೆಂಡು ಬಲಕ್ಕೆ ಬಾಗುತ್ತದೆ. ಇದನ್ನೇ ಸ್ಲೈಸ್ ಅನ್ನುತ್ತಾರೆ.

ಈ ಮೂರರಲ್ಲಿ ನಿಮ್ಮದು ಯಾವುದು ಅಂತ ಗುರುತಿಸಿ ಇಟ್ಟುಕೊಳ್ಳಿ. 4, 5 ಮತ್ತು 7ನೇ ಹಂತ ಓದುವಾಗ ಬೇಕಾಗುತ್ತದೆ.

## 1. ಜಾಗ ಮತ್ತು ಸಾಮಾನು

ಬೇಕಾದದ್ದು ಇಷ್ಟು: ಡ್ರೈವರ್, ಸೆವೆನ್ ಐರನ್, ಒಂದೇ ಅಳತೆಯ ಉದ್ದ ಟೀಗಳು, ವೈಟ್‌ಬೋರ್ಡ್ ಮಾರ್ಕರ್, ಒರೆಸುವ ಬಟ್ಟೆ, ಸ್ಲೋ ಮೋಷನ್ ಇರುವ ಮೊಬೈಲ್, ಮತ್ತು ಎರಡು ನೆಟ್ಟಗಿನ ಕಡ್ಡಿ. ಕಡ್ಡಿಗೆ ಅಂಗಡಿ ಹುಡುಕಬೇಡಿ. ಸಣ್ಣಗೆ ಸೀಳಿ ನಯ ಮಾಡಿದ ಅಡಿಕೆ ದಬ್ಬೆ ಸಾಕು, ಸುಮಾರು ನಾಲ್ಕು ಅಡಿ ಉದ್ದ ಇರಲಿ.

ಮನೆಯ ಅಂಗಳದಲ್ಲಿ ಅಭ್ಯಾಸ ಮಾಡುವವರು ಪ್ಲಾಸ್ಟಿಕ್ಕಿನ ತೂತು ಚೆಂಡನ್ನೇ ಬಳಸಿ. ಅಡಿಕೆ ಸಸಿಗೆ ಕಟ್ಟುವ ಹಸಿರು ಶೇಡ್ ನೆಟ್ ಇದೆ ಅಂತ ಅದರ ಎದುರು ನಿಜವಾದ ಚೆಂಡು ಹೊಡೆಯಬೇಡಿ. 46 ಗ್ರಾಂ ತೂಕದ ಗಟ್ಟಿ ಚೆಂಡು ಆ ವೇಗದಲ್ಲಿ ಅದನ್ನು ಹರಿದುಕೊಂಡು ಹೋಗುತ್ತದೆ. ಗಾಲ್ಫ್‌ಗೆಂದೇ ಮಾಡಿದ ನೈಲಾನ್ ಬಲೆ ಬೇಕು, ಅದೂ ಹಿಂದೆ ಗೋಡೆಗೆ ಒತ್ತಿಕೊಳ್ಳದಂತೆ ಸಡಿಲವಾಗಿ ಕಟ್ಟಿರಬೇಕು. ಸಿಮೆಂಟ್ ಅಂಗಳವಾದರೆ ದಪ್ಪ ಮ್ಯಾಟ್ ಹಾಸಿ. ಕ್ಲಬ್ ಸಿಮೆಂಟಿಗೆ ಬಡಿದರೆ ಕ್ಲಬ್ಬೂ ಹಾಳು, ಮಣಿಕಟ್ಟೂ ನೋವು.

ಊರಿನ ಮೈದಾನ, ಗದ್ದೆಬಯಲು, ಶಾಲೆ ಆಟದ ಬಯಲು, ಇಲ್ಲೆಲ್ಲ ಡ್ರೈವರ್ ಬೇಡವೇ ಬೇಡ. ಖಾಲಿ ಕಂಡರೂ ಬೇಡ. ದಿಕ್ಕು ತಪ್ಪಿದ ಚೆಂಡು ಎಷ್ಟು ದೂರ ಹೋಗಿ ಯಾರಿಗೆ ತಾಗುತ್ತದೆ ಎಂಬುದು ನಿಮ್ಮ ಕೈಯಲ್ಲಿರುವುದಿಲ್ಲ.

## 2. ಟೀ ಎತ್ತರ

ಡ್ರೈವರನ್ನು ಚೆಂಡಿನ ಹಿಂದೆ ನೆಲದ ಮೇಲಿಟ್ಟು ನೋಡಿ. ಕ್ಲಬ್ ತಲೆಯ ಮೇಲಂಚಿಗಿಂತ ಚೆಂಡಿನ ಅರ್ಧ ಭಾಗ ಮೇಲೆ ಕಾಣಬೇಕು. ಶುರುವಿಗೆ ಈ ಅಳತೆ ಸರಿ.

ಟೀ ಎತ್ತರ ಪ್ರತಿ ಸಲ ಒಂದೇ ಇರುವುದು, ಎತ್ತರ ಎಷ್ಟು ಎನ್ನುವುದಕ್ಕಿಂತ ಮುಖ್ಯ. ಸರಿಯಾದ ಎತ್ತರ ಸಿಕ್ಕಿದ ಕೂಡಲೇ ಟೀ ಮೇಲೆ ನೆಲದ ಮಟ್ಟಕ್ಕೆ ಪೆನ್ನಿನಿಂದ ಗೆರೆ ಹಾಕಿ, ಮುಂದಿನ ಸಲ ಗೆರೆವರೆಗೆ ಒತ್ತಿ. ನಿಯಮದ ಪ್ರಕಾರ ಟೀ 4 ಇಂಚಿಗಿಂತ ಉದ್ದ ಇರಬಾರದು. ಎರಡೂ ಮುಕ್ಕಾಲಿನಿಂದ ಮೂರೂ ಕಾಲು ಇಂಚಿನದು ನಮಗೆ ಸಾಕು.

ನಮ್ಮ ಕೆಂಪು ಜಂಬಿಟ್ಟಿಗೆ ನೆಲ ಏಪ್ರಿಲ್, ಮೇನಲ್ಲಿ ಕಲ್ಲಾಗಿರುತ್ತದೆ. ಟೀ ಒತ್ತಿದರೆ ಮುರಿಯುತ್ತದೆ, ಇಲ್ಲವೇ ಅರ್ಧಕ್ಕೇ ನಿಲ್ಲುತ್ತದೆ. ಆಗ ಜನ ಇದ್ದಷ್ಟು ಎತ್ತರಕ್ಕೇ ಹೊಡೆಯುತ್ತಾರೆ, ಚೆಂಡು ಕ್ಲಬ್ಬಿನ ಮೇಲಂಚಿಗೆ ತಾಗಿ ಆಕಾಶಕ್ಕೆ ಹೋಗುತ್ತದೆ. ಹಳೆಯ ಸ್ಕ್ರೂಡ್ರೈವರ್ ಒಂದು ಚೀಲದಲ್ಲಿಟ್ಟುಕೊಂಡು ಮೊದಲು ತೂತು ಮಾಡಿ. ಮಳೆಗಾಲದಲ್ಲಿ ಇದರ ಉಲ್ಟಾ. ನೆಲ ಮೆತ್ತಗಿರುವುದರಿಂದ ಟೀ ಚೆಂಡಿನ ಭಾರಕ್ಕೇ ವಾಲುತ್ತದೆ. ಸುತ್ತಲಿನ ಮಣ್ಣನ್ನು ಬೆರಳಲ್ಲಿ ಒತ್ತಿ ಗಟ್ಟಿ ಮಾಡಿ. ಹೊಡೆಯುವ ಮೊದಲೇ ಚೆಂಡು ತಾನಾಗಿ ಬಿದ್ದರೆ, ಅಥವಾ ಕ್ಲಬ್ ಇಡುವಾಗ ತಾಗಿ ಬಿದ್ದರೆ, ದಂಡ ಇಲ್ಲ. ಮತ್ತೆ ಇಟ್ಟು ಹೊಡೆಯಬಹುದು.

ಟೀ ಇಡುವ ಜಾಗವನ್ನೂ ಆರಿಸಿಕೊಳ್ಳಿ. ಗುರುತಿನ ಎರಡು ಬ್ಲಾಕ್‌ಗಳ ನಡುವೆ, ಅವುಗಳಿಂದ ಹಿಂದಕ್ಕೆ ಎರಡು ಕ್ಲಬ್ ಉದ್ದದವರೆಗೆ ಎಲ್ಲಿ ಬೇಕಾದರೂ ಇಡಬಹುದು. ಗುಡ್ಡದ ಮೈದಾನಗಳಲ್ಲಿ ಟೀ ಜಾಗವೂ ಸ್ವಲ್ಪ ಓರೆ ಇರುತ್ತದೆ. ಕಾಲಿಗೆ ಸಮ ಸಿಗುವ ಕಡೆ ಹುಡುಕಿ, ಆಮೇಲೆ ಟೀ ಊರಿ.

## 3. ಚೆಂಡಿನ ಜಾಗ ಮತ್ತು ಕಾಲು

ಎರಡೂ ಪಾದ ಕೂಡಿಸಿ, ಚೆಂಡು ಎರಡರ ನಡುವೆ ಬರುವಂತೆ ನಿಲ್ಲಿ. ಈಗ ಎಡಗಾಲನ್ನು ಎರಡು ಬೆರಳಷ್ಟು ಮಾತ್ರ ಎಡಕ್ಕೆ ಸರಿಸಿ. ಆಮೇಲೆ ಬಲಗಾಲನ್ನು ಬಲಕ್ಕೆ ಅಗಲವಾಗಿ ಇಡಿ. ಪಾದಗಳ ಒಳ ಅಂಚುಗಳ ನಡುವಿನ ಅಗಲ ಭುಜದ ಅಗಲದಷ್ಟು. ಚೆಂಡು ಎಡ ಹಿಮ್ಮಡಿಯ ನೇರಕ್ಕೆ ಬಂದಿರುತ್ತದೆ.

ಯಾಕೆ ಈ ಕ್ರಮ? ಮೊದಲೇ ಕಾಲು ಅಗಲಿಸಿ ನಿಂತು, ಆಮೇಲೆ ಚೆಂಡು ಎಡ ಹಿಮ್ಮಡಿ ನೇರಕ್ಕಿದೆಯಾ ಅಂತ ಬಗ್ಗಿ ನೋಡಿದರೆ ಕಣ್ಣು ಮೋಸ ಮಾಡುತ್ತದೆ. ಪಾದದ ತುದಿ ಹೊರಗೆ ತಿರುಗಿದ್ದರಂತೂ ಚೆಂಡು ನಿಜಕ್ಕಿಂತ ಹಿಂದಿರುವಂತೆ ಕಾಣುತ್ತದೆ.

ದೂರದ ಲೆಕ್ಕ ಸುಲಭ. ಕೈಗಳನ್ನು ಭುಜದಿಂದ ಸಲೀಸಾಗಿ ಇಳಿಬಿಡಿ, ಅಲ್ಲಿ ಕ್ಲಬ್ ಹಿಡಿಯಿರಿ. ಹಿಡಿಯ ತುದಿಗೂ ತೊಡೆಗೂ ನಡುವೆ ಒಂದು ಗೇಣಿಗಿಂತ ಸ್ವಲ್ಪ ಕಡಿಮೆ ಜಾಗ ಇರಬೇಕು. ಕೈ ಚಾಚಿ ಚೆಂಡು ಎಟುಕಿಸುತ್ತಿದ್ದೀರಿ ಅನ್ನಿಸಿದರೆ ಅರ್ಧ ಹೆಜ್ಜೆ ಹತ್ತಿರ ಬನ್ನಿ.

## 4. ಬೆನ್ನಿನ ಓರೆ

ಮೇಲ್ಮುಖ ಹೊಡೆತ ಬರುವುದು ಇಲ್ಲಿಂದ. ಕೈಯಿಂದ ಎತ್ತುವುದರಿಂದ ಅಲ್ಲ.

ನಿಂತಲ್ಲೇ ಬಲಗೈಯನ್ನು ಕ್ಲಬ್‌ನಿಂದ ಬಿಟ್ಟು, ಬಲ ತೊಡೆಯ ಮೇಲೆ ಮೊಣಕಾಲಿನ ಕಡೆಗೆ ನಿಧಾನ ಜಾರಿಸಿ. ಬಲ ಭುಜ ತಗ್ಗುತ್ತದೆ, ಎಡ ಭುಜ ಏರುತ್ತದೆ, ತಲೆ ತಾನಾಗಿ ಚೆಂಡಿನ ಹಿಂದಕ್ಕೆ ಹೋಗುತ್ತದೆ. ಸೊಂಟ ಗುರಿಯ ಕಡೆಗೆ ಸ್ವಲ್ಪವೇ ಸ್ವಲ್ಪ ಸರಿದರೆ ಸರಿ. ಮತ್ತೆ ಬಲಗೈಯನ್ನು ಹಿಡಿಗೆ ತನ್ನಿ. ಭಾರ ಬಲಗಾಲಿನ ಮೇಲೆ ಸ್ವಲ್ಪ ಜಾಸ್ತಿ ಇರುತ್ತದೆ.

ಸರಿ ಇದೆಯಾ ನೋಡಲು ಒಂದು ಪರೀಕ್ಷೆ ಇದೆ. ಕ್ಲಬ್ಬನ್ನು ಎದೆಯ ನಡು ಮೂಳೆಗೆ ಉದ್ದಕ್ಕೆ ಹಿಡಿದು ಕೆಳಕ್ಕೆ ಬಿಡಿ. ಸೆವೆನ್ ಐರನ್‌ಗೆ ನಿಂತಾಗ ಅದು ಎರಡು ತೊಡೆಗಳ ನಡುವೆ ಬರುತ್ತದೆ. ಡ್ರೈವರ್‌ಗೆ ನಿಂತಾಗ ಕೆಳತುದಿ ಎಡ ತೊಡೆಯ ಒಳಭಾಗಕ್ಕೆ ತಾಗಬೇಕು. ತಾಗದಿದ್ದರೆ ಓರೆ ಸಾಲದು.

ಎಚ್ಚರಿಕೆ: ಸೊಂಟದ ಬಲಭಾಗದಲ್ಲಿ ಚುಚ್ಚಿದ ಹಾಗಾದರೆ ಓರೆ ಜಾಸ್ತಿ ಆಗಿದೆ, ಅಥವಾ ಸೊಂಟ ಮಾತ್ರ ಮುರಿದು ನಿಂತಿದ್ದೀರಿ. ಕಡಿಮೆ ಮಾಡಿ. ಬೆನ್ನು ನೋವು ಇರುವವರು ಓರೆಯ ಬದಲು ಟೀಯನ್ನು ಸ್ವಲ್ಪ ತಗ್ಗಿಸಿ ಸಮವಾಗಿ ಹೊಡೆಯಿರಿ. ಹತ್ತು ಗಜ ದೂರಕ್ಕೆ ಬೆನ್ನು ಕೊಡುವುದು ಬೇಡ.

## 5. ಭುಜ ಮತ್ತು ದಿಕ್ಕು: ಸ್ಲೈಸ್ ಹುಟ್ಟುವ ಜಾಗ

ಇಡೀ ಬರಹದಲ್ಲಿ ಒಂದೇ ಒಂದು ಭಾಗ ಓದಲು ಸಮಯ ಇದ್ದರೆ ಇದನ್ನು ಓದಿ.

ಚೆಂಡು ಎಡ ಹಿಮ್ಮಡಿಯ ನೇರಕ್ಕೆ ಹೋದ ಕೂಡಲೇ ಬಲಗೈ ಅದನ್ನು ಮುಟ್ಟಲು ಮುಂದೆ ಚಾಚುತ್ತದೆ. ಅದರ ಜೊತೆ ಬಲ ಭುಜವೂ ಮುಂದೆ ಬರುತ್ತದೆ. ಕಾಲು ಗುರಿಗೆ ನೇರ ಇದ್ದರೂ ಭುಜಗಳು ಗುರಿಯ ಎಡಕ್ಕೆ ತಿರುಗಿಕೊಂಡಿರುತ್ತವೆ. ನಿಮಗೆ ಗೊತ್ತೇ ಆಗುವುದಿಲ್ಲ, ಏಕೆಂದರೆ ನೀವು ನೋಡುವುದು ಕಾಲನ್ನು. ಸ್ವಿಂಗ್ ಮಾತ್ರ ಭುಜದ ದಿಕ್ಕಿಗೆ ಹೋಗುತ್ತದೆ. ಕ್ಲಬ್ ಅಡ್ಡ ಬೀಸುತ್ತದೆ, ಚೆಂಡು ಬಲಕ್ಕೆ ತಿರುಗುತ್ತದೆ. ಚೆಂಡು ಬಲಕ್ಕೆ ಹೋಯಿತಲ್ಲ ಅಂತ ಮುಂದಿನ ಸಲ ಇನ್ನಷ್ಟು ಎಡಕ್ಕೆ ನಿಲ್ಲುತ್ತೀರಿ. ಸ್ಲೈಸ್ ಇನ್ನೂ ಜೋರಾಗುತ್ತದೆ. ವರ್ಷಗಟ್ಟಲೆ ಜನ ಈ ಸುಳಿಯಲ್ಲೇ ಸುತ್ತುತ್ತಾರೆ.

ಇದರ ಜೊತೆ ಇನ್ನೊಂದು ಕಾರಣ ಇದೆ, ಅದನ್ನು ಕಡಿಮೆ ಜನ ಹೇಳುತ್ತಾರೆ. ಕ್ಲಬ್ ತಲೆ ನೆಟ್ಟಗೆ ಮೇಲೆ ಕೆಳಗೆ ಓಡುವುದಿಲ್ಲ, ಓರೆಯಾದ ವೃತ್ತದಲ್ಲಿ ಓಡುತ್ತದೆ. ಇಳಿಯುವಾಗ ನಿಮ್ಮಿಂದ ಹೊರಕ್ಕೆ, ಅಂದರೆ ಗುರಿಯ ಬಲಕ್ಕೆ ಸಾಗುತ್ತದೆ. ಏರುವಾಗ ಒಳಕ್ಕೆ, ಅಂದರೆ ಎಡಕ್ಕೆ. ಹಾಗಾಗಿ ಏರುವಾಗ ಚೆಂಡು ಹೊಡೆದರೆ ಕ್ಲಬ್ ಆಗಲೇ ಎಡಕ್ಕೆ ತಿರುಗಿರುತ್ತದೆ. ಡ್ರೈವರ್‌ನಲ್ಲಿ 3 ಡಿಗ್ರಿ ಮೇಲ್ಮುಖ ಹೊಡೆದರೆ ಹೆಚ್ಚುಕಡಿಮೆ ಅಷ್ಟೇ ಡಿಗ್ರಿ ಎಡಕ್ಕೆ ದಾರಿ ಸರಿಯುತ್ತದೆ. ನಿಮ್ಮ ಐರನ್ ಸ್ವಿಂಗ್ ಎಷ್ಟೇ ನೇರ ಇರಲಿ, ಅದೇ ಸ್ವಿಂಗನ್ನು ಮುಂದಿರುವ ಚೆಂಡಿಗೆ ಬೀಸಿದಾಗ ಅದು ಅಡ್ಡ ಬೀಸು ಆಗುತ್ತದೆ. ಸ್ವಿಂಗ್‌ನಲ್ಲಿ ತಪ್ಪಿಲ್ಲ, ಅದನ್ನು ಇಟ್ಟ ದಿಕ್ಕಿನಲ್ಲಿ ತಪ್ಪು.

ಸರಿಪಡಿಸುವುದು ಹೀಗೆ. ಒಂದು ದಬ್ಬೆ ಕಡ್ಡಿಯನ್ನು ಪಾದದ ತುದಿಗಳ ಮುಂದೆ ಗುರಿಗೆ ನೇರವಾಗಿ ಇಡಿ. ಚೆಂಡು, ಕಾಲು, ಬೆನ್ನಿನ ಓರೆ ಎಲ್ಲ ಆದ ಮೇಲೆ ಬಲ ಪಾದವನ್ನು ಕಡ್ಡಿಯಿಂದ ಎರಡು ಮೂರು ಬೆರಳು ಹಿಂದಕ್ಕೆ ಎಳೆಯಿರಿ. ಬಲ ಮೊಣಕೈಯನ್ನು ಸ್ವಲ್ಪ ಮಡಿಸಿ ಪಕ್ಕೆಯ ಹತ್ತಿರ ತನ್ನಿ. ಆಗ ಬಲ ಭುಜ ತನ್ನಷ್ಟಕ್ಕೆ ಹಿಂದೆ ಹೋಗುತ್ತದೆ. ಕ್ಲಬ್ಬನ್ನು ಎದೆಗೆ ಅಡ್ಡ ಹಿಡಿದು ನೋಡಿ, ಅದು ಗುರಿಗೆ ನೇರ ಅಥವಾ ಕೂದಲೆಳೆಯಷ್ಟು ಬಲಕ್ಕೆ ತೋರಿಸಬೇಕು.

ಮೊಬೈಲನ್ನು ನಿಮ್ಮ ಹಿಂದೆ, ಗುರಿಯ ಗೆರೆಯಲ್ಲಿ, ಸೊಂಟದ ಎತ್ತರಕ್ಕೆ ಇಟ್ಟು ಚಿತ್ರ ತೆಗೆಯಿರಿ. ಬಲ ಮುಂಗೈ ಎಡ ಮುಂಗೈಯನ್ನು ಪೂರ್ತಿ ಮುಚ್ಚಿದ್ದರೆ ಭುಜ ಎಡಕ್ಕೆ ತಿರುಗಿದೆ ಅಂತ ಅರ್ಥ. ಬಲ ಮುಂಗೈಯ ಆಚೆ ಎಡ ಮುಂಗೈಯ ಅಂಚು ಸ್ವಲ್ಪ ಇಣುಕುತ್ತಿದ್ದರೆ ಸರಿಯಾಗಿದೆ.

ಶುರುವಿನಲ್ಲಿ ಗುರಿಯ ಬಲಕ್ಕೆ ನಿಂತ ಹಾಗೆ ಅನ್ನಿಸುತ್ತದೆ. ಅಲ್ಲಿಗೇ ಹೋಗಿಬಿಡುತ್ತೆ ಅಂತ ಹೆದರಿಕೆಯಾಗುತ್ತದೆ. ಕಣ್ಣನ್ನು ನಂಬಬೇಡಿ, ಕಡ್ಡಿಯನ್ನು ನಂಬಿ.

ಒಂದು ಮಾತು: 4ನೇ ಹಂತ ಮುಗಿಸದೆ ಇದನ್ನು ಮಾಡಬೇಡಿ. ಬೆನ್ನಿನ ಓರೆ ಬದಲಾದರೆ ಭುಜದ ದಿಕ್ಕೂ ಬದಲಾಗುತ್ತದೆ, ಮಾಡಿದ್ದೆಲ್ಲ ವ್ಯರ್ಥ.

## 6. ಹಿಡಿತ

ಐರನ್‌ನ ಹಿಡಿತವೇ ಇರಲಿ. ಬದಲಾಗುವುದು ಒಂದೇ. ಐರನ್‌ನಲ್ಲಿ ಕೈಗಳು ಚೆಂಡಿಗಿಂತ ಮುಂದೆ ವಾಲಿರುತ್ತವೆ. ಡ್ರೈವರ್‌ನಲ್ಲಿ ಕೈಗಳು ಚೆಂಡಿಗೆ ಸಮ ಅಥವಾ ಸ್ವಲ್ಪ ಹಿಂದೆ ಇರಬೇಕು. ಮುಂದೆ ತಳ್ಳಿದರೆ ಇರುವ 10 ಡಿಗ್ರಿ ಲಾಫ್ಟಿನಲ್ಲೂ ಅರ್ಧ ಕಳೆದುಕೊಳ್ಳುತ್ತೀರಿ, ಕ್ಲಬ್ ಮುಖವೂ ತೆರೆದುಕೊಳ್ಳುತ್ತದೆ.

ಗಟ್ಟಿ ಹಿಡಿದರೆ ಮುಂಗೈ ಬಿಗಿಯುತ್ತದೆ, ಸ್ವಿಂಗ್ ಮೊಟಕಾಗುತ್ತದೆ. ಹಲ್ಲು ಕಚ್ಚಿಕೊಂಡಿದ್ದೀರಾ ನೋಡಿಕೊಳ್ಳಿ. ಕಚ್ಚಿದ್ದರೆ ಕೈಯೂ ಬಿಗಿದಿರುತ್ತದೆ.

## 7. ಸ್ವಿಂಗ್

ಹಿಂದಕ್ಕೆ ಒಯ್ಯುವಾಗ ಕ್ಲಬ್ ತಲೆ ಮೊದಲ ಎರಡು ಅಡಿ ನೆಲದ ಹತ್ತಿರವೇ ಸಾಗಲಿ. ಐರನ್‌ನಲ್ಲಿ ಬೇಗ ಎತ್ತುವ ಅಭ್ಯಾಸ ಇದ್ದವರು ಇಲ್ಲಿ ಎಡವುತ್ತಾರೆ, ಏಕೆಂದರೆ ನೆಟ್ಟಗೆ ಎತ್ತಿದ್ದು ನೆಟ್ಟಗೇ ಇಳಿಯುತ್ತದೆ. ಬೆನ್ನು ಗುರಿಯ ಕಡೆ ತಿರುಗುವವರೆಗೆ ತಿರುಗಿ. ಅಷ್ಟು ಆಗದವರು ಬಲ ಪಾದದ ತುದಿಯನ್ನು ಹೊರಕ್ಕೆ ತಿರುಗಿಸಿ ನಿಂತರೆ ಸಲೀಸಾಗುತ್ತದೆ. ಎಡ ಹಿಮ್ಮಡಿ ಸ್ವಲ್ಪ ಎದ್ದರೂ ಪರವಾಗಿಲ್ಲ.

ಕೆಳಗಿಳಿಯುವುದು ಎಡಗಾಲಿನಿಂದ ಶುರು. ಎಡ ಪಾದವನ್ನು ನೆಲಕ್ಕೆ ಒತ್ತಿ, ಆಮೇಲೆ ಸೊಂಟ ತಿರುಗಲಿ, ಭುಜ ಕೊನೆಗೆ. ಬಲ ಭುಜದಿಂದ ಶುರು ಮಾಡುವ ಕ್ರಿಕೆಟ್ ಅಭ್ಯಾಸ ಇರುವವರು ಮೇಲೆ ಹೋದಾಗ ಒಂದು ಉಸಿರಷ್ಟು ಹೊತ್ತು ನಿಂತು ಇಳಿಸಿ. ಅಭ್ಯಾಸದಲ್ಲಿ ಹೀಗೆ ನಿಂತು ಹೊಡೆದರೆ ಕ್ರಮ ತಾನಾಗಿ ಸರಿಹೋಗುತ್ತದೆ.

ಚೆಂಡು ಹೋಗುವವರೆಗೆ ತಲೆ ಹಿಂದೆಯೇ ಇರಲಿ. ತಲೆಯನ್ನು ಗಟ್ಟಿಯಾಗಿ ಹಿಡಿದಿಡಿ ಅಂತ ಅಲ್ಲ, ಚೆಂಡಿನ ಹಿಂಭಾಗ ನೋಡುತ್ತಿದ್ದರೆ ಸಾಕು. ಚೆಂಡಿನ ಮೇಲೆ ಮಾರ್ಕರ್‌ನಿಂದ ಒಂದು ಚುಕ್ಕಿ ಹಾಕಿ, ಅದು ಹಿಂದಕ್ಕೆ ಬರುವಂತೆ ಟೀ ಮೇಲಿಡಿ. ಆ ಚುಕ್ಕಿ ನೋಡಿ.

ವೇಗದ ಬಗ್ಗೆ: ಒಳ್ಳೆಯ ಆಟಗಾರರ ಸ್ವಿಂಗ್ ಹಿಂದಕ್ಕೆ ಹೋಗಲು ಮೂರು ಪಾಲು ಹೊತ್ತು ತೆಗೆದುಕೊಂಡರೆ, ಇಳಿದು ಚೆಂಡು ಮುಟ್ಟಲು ಒಂದು ಪಾಲು. ನಿಮ್ಮ ವಿಡಿಯೊ ನೋಡಿ ಹೋಲಿಸಿಕೊಳ್ಳಿ. ಡ್ರೈವರ್ ಹಿಡಿದಾಗ ಹೆಚ್ಚಿನವರು ಹಿಂದಕ್ಕೆ ಒಯ್ಯುವುದನ್ನೇ ರಪ್ಪನೆ ಮಾಡುತ್ತಾರೆ. ದೂರ ಹೊಡೆಯಬೇಕು ಅನ್ನುವ ಆತುರ ಅಲ್ಲಿ ಖರ್ಚಾಗಿ ಹೋಗುತ್ತದೆ.

ಕೆಳಮುಖವಾಗಿ ಹೊಡೆಯುವುದು ಬಿಡದವರಿಗೆ ಒಂದು ಅಭ್ಯಾಸ. ಡ್ರೈವರ್‌ನ ಬಟ್ಟೆಯ ಟೊಪ್ಪಿಯನ್ನು ಚೆಂಡಿನ ಮುಂದೆ, ಗುರಿಯ ಕಡೆ, ಒಂದೂವರೆ ಅಡಿ ದೂರದಲ್ಲಿ ಮಲಗಿಸಿ. ಸರಿಯಾದ ಹೊಡೆತದಲ್ಲಿ ಕ್ಲಬ್ ಅದರ ಮೇಲಿಂದ ದಾಟಿ ಹೋಗುತ್ತದೆ. ಕೆಳಕ್ಕೆ ಕಡಿದರೆ ಟೊಪ್ಪಿಗೆ ಬಡಿಯುತ್ತದೆ. ಮೊದಲು ಚೆಂಡಿಲ್ಲದೆ, ಖಾಲಿ ಟೀ ಸವರಿಕೊಂಡು ಹೋಗುವಂತೆ ಬೀಸಿ. ಆಮೇಲೆ ಚೆಂಡು.

## 8. ಕ್ಲಬ್ ಮುಖ ಮತ್ತು ಚೆಂಡಿನ ದಾರಿ ಓದುವುದು

ಎಲ್ಲಿ ತಾಗಿತು ಅಂತ ತಿಳಿಯದೆ ಸ್ವಿಂಗ್ ತಿದ್ದಲು ಹೋಗಬೇಡಿ. ಚೆಂಡಿಗೆ ಹಾಕಿದ ಮಾರ್ಕರ್ ಚುಕ್ಕಿ ಕ್ಲಬ್ ಮುಖದ ಮೇಲೆ ಅಚ್ಚಾಗುತ್ತದೆ. ಪ್ರತಿ ಹೊಡೆತದ ನಂತರ ನೋಡಿ, ಒರೆಸಿ, ಮತ್ತೆ ಚುಕ್ಕಿ ಹಾಕಿ. ಬೇಸರದ ಕೆಲಸವೇ, ಆದರೆ ಇದಕ್ಕಿಂತ ಪ್ರಾಮಾಣಿಕ ಗುರು ಸಿಗುವುದಿಲ್ಲ.

ಗುರುತು ಕ್ಲಬ್ಬಿನ ಹೊರತುದಿಯ ಕಡೆ ಇದ್ದರೆ ಚೆಂಡು ಎಡಕ್ಕೆ ಬಾಗಲು ನೋಡುತ್ತದೆ. ಕೋಲಿನ ಕಡೆ, ಅಂದರೆ ಹೀಲ್‌ನಲ್ಲಿದ್ದರೆ ಬಲಕ್ಕೆ. ಚೆಂಡು ತಾಗಿದ ಕ್ಷಣ ಡ್ರೈವರ್‌ನ ತಲೆ ತಿರುಗುವುದರಿಂದ ಹೀಗಾಗುತ್ತದೆ. ಎಷ್ಟೋ ಜನರ ಸ್ಲೈಸ್ ಬರೀ ಹೀಲ್‌ನಲ್ಲಿ ತಾಗುವುದರಿಂದ ಬಂದಿರುತ್ತದೆ. ಅವರು ದಾರಿ ತಿದ್ದುತ್ತಾ ಕೂರುತ್ತಾರೆ, ಬೇಕಾಗಿರುವುದು ಎರಡು ಬೆರಳು ಹಿಂದೆ ನಿಲ್ಲುವುದು. ಗುರುತು ಮುಖದ ಕೆಳಗಿದ್ದರೆ ಚೆಂಡು ತಗ್ಗಾಗಿ ಹೊರಟು, ತಿರುಗು (ಸ್ಪಿನ್) ಜಾಸ್ತಿಯಾಗಿ ದೂರ ಕಡಿಮೆ. ನಡುವಿಗಿಂತ ಸ್ವಲ್ಪ ಮೇಲಿದ್ದರೆ ಎತ್ತರ ಹೊರಟು ತಿರುಗು ಕಡಿಮೆಯಾಗಿ ದೂರ ಹೋಗುತ್ತದೆ. ನಮಗೆ ಬೇಕಾದದ್ದು ಈ ಕೊನೆಯದು.

ಗುರುತು ನಡುವಿನಲ್ಲೇ ಬೀಳಲು ಶುರುವಾದ ಮೇಲೆ ಚೆಂಡಿನ ದಾರಿ ನೋಡಿ. ಚೆಂಡು ಹೊರಡುವ ದಿಕ್ಕನ್ನು ಬಹುಪಾಲು ಕ್ಲಬ್ ಮುಖ ತೀರ್ಮಾನಿಸುತ್ತದೆ. ಬಾಗುವುದನ್ನು ಮುಖಕ್ಕೂ ಬೀಸಿದ ದಾರಿಗೂ ಇರುವ ವ್ಯತ್ಯಾಸ ತೀರ್ಮಾನಿಸುತ್ತದೆ. ಹೀಗಾಗಿ:

ಎಡಕ್ಕೆ ಹೊರಟು ಬಲಕ್ಕೆ ಬಾಗಿದರೆ ಅಡ್ಡ ಬೀಸು. 5ನೇ ಹಂತಕ್ಕೆ ಹೋಗಿ.

ಬಲಕ್ಕೇ ಹೊರಟು ಇನ್ನೂ ಬಲಕ್ಕೆ ಬಾಗಿದರೆ ಮುಖ ತೆರೆದಿದೆ. ಎಡಗೈ ಹಿಡಿತ ನೋಡಿ. ಮೇಲಿಂದ ನೋಡಿದಾಗ ಎಡಗೈಯ ಎರಡರಿಂದ ಮೂರು ಗೆಣ್ಣು ಕಾಣಬೇಕು.

ಬಲಕ್ಕೆ ಹೊರಟು ಜೋರಾಗಿ ಎಡಕ್ಕೆ ತಿರುಗಿದರೆ ಬಲಗಾಲು ಜಾಸ್ತಿ ಹಿಂದೆ ಎಳೆದಿದ್ದೀರಿ, ಅಥವಾ ಮಣಿಕಟ್ಟು ತಿರುಗಿಸುತ್ತಿದ್ದೀರಿ.

ಚೆಂಡಿನ ತಲೆ ಸವರಿದರೆ ನೀವು ಎದ್ದಿದ್ದೀರಿ ಅಂತ ಎಲ್ಲರೂ ಹೇಳುತ್ತಾರೆ. ನಿಜ ಕಾರಣ ಹೆಚ್ಚಾಗಿ ಬೇರೆ. ಭಾರ ಬಲಗಾಲಿನಲ್ಲೇ ಉಳಿದು, ಕ್ಲಬ್ ಬೇಗ ಕೆಳಗೆ ತಲುಪಿ, ಚೆಂಡು ಮುಟ್ಟುವಷ್ಟರಲ್ಲಿ ಪೂರ್ತಿ ಏರಿರುತ್ತದೆ. ಹೊಡೆದಾದ ಮೇಲೆ ಬಲ ಹಿಮ್ಮಡಿ ನೆಲ ಬಿಟ್ಟಿದೆಯಾ ನೋಡಿ. ಬಿಟ್ಟಿಲ್ಲದಿದ್ದರೆ ಇದೇ.

ಕ್ಲಬ್‌ನ ನೆತ್ತಿಯ ಮೇಲೆ ಬಿಳಿ ಗೀರು ಕಂಡರೆ ಕೂಡಲೇ ನಿಲ್ಲಿಸಿ. ಚೆಂಡಿನ ಕೆಳಗೆ ನುಗ್ಗುತ್ತಿದ್ದೀರಿ. ಟೀ ತಗ್ಗಿಸುವುದು ತಾತ್ಕಾಲಿಕ. ನಿಮ್ಮ ತಲೆ ಚೆಂಡಿನ ಮುಂದೆ ಹೋಗುತ್ತಿರುವುದು ಕಾರಣ, 4ನೇ ಹಂತ ಮತ್ತೆ ಮಾಡಿ.

## 9. ಅಭ್ಯಾಸದ ಕ್ರಮ

ಮೊದಲ ವಾರ ಸೊಂಟದಿಂದ ಸೊಂಟದವರೆಗಿನ ಅರ್ಧ ಸ್ವಿಂಗ್ ಮಾತ್ರ. ಗುರುತು ನಡುವಿನಲ್ಲಿ ಬೀಳುವುದು ರೂಢಿಯಾದ ಮೇಲೆ ಮುಕ್ಕಾಲು, ಆಮೇಲೆ ಪೂರ್ತಿ. ಒಂದೇ ಸಮನೆ ಡ್ರೈವರ್ ಹೊಡೆಯಬೇಡಿ. ಒಂದು ಸೆವೆನ್ ಐರನ್, ಒಂದು ಡ್ರೈವರ್, ಹೀಗೆ ಬದಲಿಸುತ್ತಾ ಹೋಗಿ. ಪ್ರತಿ ಸಲ ಹಿಂದೆ ಸರಿದು, ಮತ್ತೆ ಬಂದು, 2ರಿಂದ 6ರವರೆಗಿನ ಹಂತಗಳನ್ನು ಹೊಸದಾಗಿ ಮಾಡಿ. ಐರನ್ ಕೆಡಲು ಶುರುವಾಯಿತು ಅಂದರೆ ಡ್ರೈವರ್‌ನ ಓರೆ ಮತ್ತು ಭಾರ ಐರನ್‌ಗೂ ನುಸುಳಿದೆ. ಆ ದಿನ ಡ್ರೈವರ್ ಒಳಗಿಡಿ.

ಎಡ ಮೊಣಕೈ ಅಥವಾ ಪಕ್ಕೆಲುಬಿನ ಹತ್ತಿರ ನೋವು ಬಂದರೆ ವಿಶ್ರಾಂತಿ ಕೊಡಿ. ಪಕ್ಕೆಲುಬಿನ ನೋವನ್ನು ಸುಮ್ನೆ ಉಳುಕು ಅಂತ ಬಿಡಬೇಡಿ, ಗಾಲ್ಫ್ ಸ್ವಿಂಗ್‌ನಿಂದ ಅಲ್ಲಿ ಸಣ್ಣ ಬಿರುಕು ಬರುವುದುಂಟು. ವೈದ್ಯರಿಗೆ ತೋರಿಸಿ.

## 10. ಮಲೆನಾಡಿನ ಮಳೆಯಲ್ಲಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚೆಂಡು ಬಿದ್ದಲ್ಲೇ ಹೂತು ನಿಲ್ಲುತ್ತದೆ, ಉರುಳುವುದಿಲ್ಲ. ಗಾಳಿಯಲ್ಲಿ ಎಷ್ಟು ಹೋಗುತ್ತದೋ ಅಷ್ಟೇ ದೂರ. ತಗ್ಗು ಹೊಡೆತಕ್ಕೆ ಬೆಲೆ ಇಲ್ಲ. ಹೀಗಾಗಿ ಮೇಲ್ಮುಖ ಹೊಡೆತ ಮಳೆಗಾಲದಲ್ಲಿ ಇನ್ನೂ ಮುಖ್ಯ.

ಕ್ಲಬ್ ಮುಖ ಮತ್ತು ಚೆಂಡು ಒರೆಸದೆ ಹೊಡೆಯಬೇಡಿ. ನಡುವೆ ನೀರಿದ್ದರೆ ತಿರುಗು ಅಂದಾಜಿಗೆ ಸಿಗುವುದಿಲ್ಲ, ಚೆಂಡು ಹಾರುತ್ತಾ ಇದ್ದಕ್ಕಿದ್ದಂತೆ ಕುಸಿಯುತ್ತದೆ. ಒರೆಸುವ ಬಟ್ಟೆಯನ್ನು ಛತ್ರಿಯ ಒಳಗಡೆ ಕಡ್ಡಿಗೆ ಸಿಕ್ಕಿಸಿದರೆ ಒಣಗಿರುತ್ತದೆ. ಹಿಡಿ ಜಾರುತ್ತದೆ ಅಂತ ಗಟ್ಟಿ ಹಿಡಿಯುವ ಬದಲು ಎರಡೂ ಕೈಗೆ ಮಳೆಯ ಗ್ಲೌಸ್ ಹಾಕಿ.

ಚೆಂಡು ಉದ್ದ ಹುಲ್ಲಿಗೆ ಹೋದರೆ ಹುಡುಕಲು ನಿಯಮ ಕೊಡುವುದು 3 ನಿಮಿಷ. ಉಂಬಳ ಹತ್ತುವುದು ಗೊತ್ತೇ ಇದೆ, ಅದು ದೊಡ್ಡ ವಿಷಯ ಅಲ್ಲ. ಹಾವಿನ ಭಯ ನಿಜವಾದದ್ದು. ಬರಿಗೈ ಹಾಕಬೇಡಿ, ಕ್ಲಬ್‌ನಿಂದ ಹುಲ್ಲು ಸರಿಸಿ. ಏಪ್ರಿಲ್, ಮೇ ಸಂಜೆಯ ಗುಡುಗು ಮಳೆಯಲ್ಲಿ ಮೊದಲ ಗುಡುಗು ಕೇಳಿದ ಕೂಡಲೇ ಆಟ ನಿಲ್ಲಿಸಿ ಕಟ್ಟಡದ ಒಳಗೆ ಹೋಗಿ. ಮರದ ಕೆಳಗೆ ನಿಲ್ಲಬೇಡಿ.

## 11. ಕ್ಲಬ್ ಬದಲಿಸುವ ಯೋಚನೆ ಕೊನೆಗೆ

ಮೇಲಿನದೆಲ್ಲ ಆಗಿ, ಗುರುತು ನಡುವೆ ಬೀಳುತ್ತಿದ್ದರೂ ಚೆಂಡು ಏಳುತ್ತಿಲ್ಲ ಅಂದರೆ ಮಾತ್ರ ಕ್ಲಬ್ ನೋಡಿ. 9 ಡಿಗ್ರಿಯ ಡ್ರೈವರ್ ನಮ್ಮಂಥವರಲ್ಲಿ ಹೆಚ್ಚಿನವರಿಗೆ ಬೇಡ. 10.5 ಅಥವಾ 12 ಹೆಚ್ಚು ಕ್ಷಮಿಸುತ್ತದೆ. ಕೋಲು ಗಟ್ಟಿ ಅನ್ನಿಸಿದರೆ ಒಂದು ಹಂತ ಮೆದುವಾದದ್ದು ಎರವಲು ತಂದು ಹೊಡೆದು ನೋಡಿ, ಆಮೇಲೆ ಕೊಳ್ಳಿ. ಅದಕ್ಕೂ ಮೊದಲು ಖರ್ಚಿಲ್ಲದ ಒಂದು ಪ್ರಯೋಗ ಇದೆ. ಹಿಡಿಯನ್ನು ಒಂದು ಇಂಚು ಕೆಳಗೆ ಹಿಡಿದು, ಅರ್ಧ ಇಂಚು ಹತ್ತಿರ ನಿಂತು ಹೊಡೆಯಿರಿ. ನಡುವಿಗೆ ತಾಗುವುದು ಹೆಚ್ಚಾಯಿತು ಅಂದರೆ ನಿಮ್ಮ ಡ್ರೈವರ್ ನಿಮಗೆ ಉದ್ದ ಜಾಸ್ತಿ. ಕೊಳ್ಳುವಾಗ 44 ಇಂಚಿನದನ್ನು ಕೇಳಿ.